ಅಂಜೂರ, ಚೀಸ್ ಮತ್ತು ಕಹಿ ಜೇನು

ವಸತಿಮನೆಗೆ ಅತಿಥಿಗಳು ಬರಲು ಒಂದೇ ಗಂಟೆ ಬಾಕಿ ಇತ್ತು. ಕೆಂಡದ ಮೇಲಿನ ಜಾಲರಿಯಲ್ಲಿ ಬ್ರೆಡ್ಡಿನ ಹೋಳುಗಳು ಕೆಂಪಗಾಗುತ್ತಿದ್ದವು. ಅವುಗಳ ಮೇಲಿಡಲು ಮಾತ್ರ ಎರ್ಸೀಲಿಯಾಳ ಬಳಿ ಏನೂ ಇರಲಿಲ್ಲ.

ಚೀಸ್ ತರುತ್ತಿದ್ದವನ ಗಾಡಿ ದಾರಿಯಲ್ಲೇ ಕೆಟ್ಟು ನಿಂತಿದೆ ಎಂದು ಈಗಷ್ಟೇ ಸುದ್ದಿ ಬಂದಿತ್ತು. ಸಿಯೆನಾ ಪಟ್ಟಣದಿಂದ ಹದಿನೆಂಟು ಜನ ಹೊರಟಾಗಿತ್ತು. ಮೇಲಿನ ಕೋಣೆಗಳಲ್ಲಿ ಹಾಸಿಗೆ ಸರಿಮಾಡುತ್ತಿದ್ದ ಸೋದರತ್ತೆ ಕ್ಲೇಲಿಯಾ ಅಲ್ಲಿಂದಲೇ ಕೂಗಿದಳು.

"ಬಂದೋರ ಬಾಯಿಗೆ ಮೊದಲು ಏನು ಕೊಡ್ತೀಯೇ? ಬರೀ ಬ್ರೆಡ್ಡಾ?"

ಅಷ್ಟರಲ್ಲಿ ಹಿಂಬಾಗಿಲಲ್ಲಿ ಯಾರೋ ಮೆಲ್ಲಗೆ ಕೆಮ್ಮಿದರು.

ಬಾಗಿಲು ತುಂಬ ನಿಂತಿದ್ದ ಎತ್ತರದ ಆಳು. ಬಿಸಿಲಿಗೆ ಕಂದಿದ ಮುಖ, ತೋಳಿನಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಹೊಸ್ತಿಲಾಚೆಯೇ ನಿಂತು ಟೋಪಿ ತೆಗೆದ.

"ದಾರೀಲಿ ಗಾಡಿ ಕೆಟ್ಟವರನ್ನ ನೋಡ್ದೆ. ಇಲ್ಲಿಗೆ ಚೀಸ್ ಬೇಕಿತ್ತು ಅಂದ್ರು. ನಾನು ಕೆಳಗಿನ ಹೊಲದವನು. ಗವೀನೋ ಸೋಲಿನಾಸ್."

ಮಾತಿನ ಎಳೆತದಲ್ಲೇ ಗೊತ್ತಾಗಿಹೋಯಿತು. ಸಾರ್ಡಿನಿಯಾದವನು. ಆ ದ್ವೀಪದಿಂದ ಜನ ಕುರಿಮಂದೆಗಳ ಸಮೇತ ಹಡಗು ಹತ್ತಿ ಬಂದು, ಈ ಕಣಿವೆಯಲ್ಲಿ ಪಾಳುಬಿದ್ದ ಹೊಲಗಳಲ್ಲಿ ನೆಲೆಸುತ್ತಿದ್ದ ವರ್ಷಗಳವು. ಊರಿನವರು ಅವರ ಜೊತೆ ಸಂತೆಯಲ್ಲಿ ಮಾತಾಡುತ್ತಿದ್ದರು, ಮನೆಯೊಳಗೆ ಕರೆಯುತ್ತಿರಲಿಲ್ಲ.

"ಗುರುತು ಪರಿಚಯ ಇಲ್ಲದವರ ಹತ್ರ ನಾವು ತಗೊಳಲ್ಲ," ಎಂದಳು ಎರ್ಸೀಲಿಯಾ. ತನ್ನ ಕಿವಿಗೇ ಆ ಮಾತು ಒರಟಾಗಿ ಕೇಳಿಸಿತು.

ಅವನು ಬೇಸರಪಡಲಿಲ್ಲ. ಕೆಂಡದತ್ತ ಕೈ ತೋರಿಸಿದ. "ಬ್ರೆಡ್ಡು ಸೀದುಹೋಗ್ತಿದೆ."

ಅವಳು ಓಡಿಹೋಗಿ ತಿರುವಿಹಾಕುವಷ್ಟರಲ್ಲಿ ಅವನು ಅಂಗಳದ ತೊಟ್ಟಿಯಲ್ಲಿ ಕೈ ತೊಳೆದು ಬಂದಿದ್ದ. "ಒಂದೇ ಒಂದು ಮಾಡಿಕೊಡ್ತೀನಿ. ಹಿಡಿಸದಿದ್ರೆ ಹೊರಟುಹೋಗ್ತೀನಿ."

ಬಿಸಿ ಹೋಳಿನ ಮೇಲೆ ಕುರಿಹಾಲಿನ ಎಳೆ ಚೀಸಿನ ತೆಳು ಬಿಲ್ಲೆ ಇಟ್ಟ. ಅದು ಅಂಚಿನಲ್ಲಿ ಬೆವರುವವರೆಗೂ ಕಾದ. ಊಟದ ಕೊನೆಗೆಂದು ಮೇಜಿನ ಮೇಲಿಟ್ಟಿದ್ದ ಅಂಜೂರವೊಂದನ್ನು ಹೆಬ್ಬೆರಳಲ್ಲಿ ಬಿಡಿಸಿ, ಅರ್ಧವನ್ನು ಅದರ ಮೇಲೆ ಒತ್ತಿದ. ಕೊನೆಗೆ ಜೇಬಿನಿಂದ ಸಣ್ಣ ಸೀಸೆ ತೆಗೆದು, ಕಂದು ಬಣ್ಣದ ಜೇನು ಒಂದು ಹನಿ ಬಿಟ್ಟ. ಎಲ್ಲ ಸೇರಿ ಎರಡು ನಿಮಿಷವೂ ಆಗಲಿಲ್ಲ.

"ತಿಂದು ನೋಡಿ."

ನಿಂತೇ ಕಚ್ಚಿದಳು. ಮೊದಲು ಗರಿಗರಿ, ಆಮೇಲೆ ಉಪ್ಪು, ಅದರ ಬೆನ್ನಿಗೇ ಹಣ್ಣಿನ ಸಿಹಿ... ಎಲ್ಲ ಕರಗಿದ ಮೇಲೆ ನಾಲಿಗೆಯ ತುದಿಯಲ್ಲಿ ಸಣ್ಣ ಕಹಿ.

"ಜೇನು ಕಹಿ ಇದೆ."

"ನಮ್ಮ ಕಡೆ ಕಾಡಿನದು. ಆ ಕಹಿ ಇಲ್ಲದಿದ್ರೆ ಒಂದಕ್ಕೇ ಸಾಕು ಅನಿಸುತ್ತೆ. ಕಹಿ ಇದ್ರೆ ಇನ್ನೊಂದು ಕೈಗೆ ಬರುತ್ತೆ."

ಎರ್ಸೀಲಿಯಾಳ ಕೈ ಆಗಲೇ ಇನ್ನೊಂದು ಹೋಳಿನತ್ತ ಹೋಗಿತ್ತು. ಅವನು ನೋಡಿದ, ನಗಲಿಲ್ಲ. ನಗದೇ ಇದ್ದದ್ದೇ ಅವಳ ಮನಸ್ಸಿಗೆ ನಾಟಿತು.

ಅಂದು ಸಂಜೆ ಹದಿನೆಂಟು ಜನರ ತಟ್ಟೆಗಳೂ ಖಾಲಿಯಾದವು.

ಆಮೇಲೆ ಅವನು ಪ್ರತಿ ಗುರುವಾರ ಬರತೊಡಗಿದ.

ಎರ್ಸೀಲಿಯಾಳಿಗೆ ಆಗ ಮೂವತ್ತೊಂದು. ನಾಲ್ಕು ವರ್ಷಗಳ ಹಿಂದೆ, ಮದುವೆಗೆ ಹದಿನೈದು ದಿನ ಇರುವಾಗ ಅವಳನ್ನು ಒಪ್ಪಿದ್ದವನು ಬೇರೊಬ್ಬಳ ಜೊತೆ ಊರು ಬಿಟ್ಟಿದ್ದ. ಚರ್ಚಿನ ಮೆಟ್ಟಿಲ ಮೇಲೆ, ಬೇಕರಿಯ ಸಾಲಿನಲ್ಲಿ, ಎಲ್ಲರೂ ಅವಳನ್ನು ಕಂಡೊಡನೆ ದನಿ ತಗ್ಗಿಸುತ್ತಿದ್ದರು. ಆ ಕನಿಕರದಿಂದ ತಪ್ಪಿಸಿಕೊಂಡು ಬಂದು ಅವಳು ಅತ್ತೆಯ ಈ ಆರು ಕೋಣೆಗಳ ವಸತಿಮನೆ ಸೇರಿದ್ದಳು. ಮತ್ತೆ ಊರವರ ಬಾಯಿಗೆ ಬೀಳಬಾರದು ಎಂಬುದೊಂದೇ ಅವಳ ಹಟ.

ಗುರುವಾರಗಳು ಮಾತ್ರ ಹಟ ಕೇಳುತ್ತಿರಲಿಲ್ಲ.

ಅಂಜೂರ ಮುಗಿದ ಮೇಲೆ ಇಬ್ಬರೂ ಸೇರಿ ಕಪ್ಪು ದ್ರಾಕ್ಷಿಯನ್ನು ಒಲೆಯಲ್ಲಿ ಬಾಡಿಸಿ ನೋಡಿದರು. ಚಳಿಗಾಲಕ್ಕೆ ಮರಸೇಬು ಬಂತು. ಅದನ್ನು ಎಷ್ಟು ತೆಳ್ಳಗೆ ಹೆಚ್ಚಬೇಕೆಂದು ಇಬ್ಬರಿಗೂ ಜಗಳ.

"ಇದರಲ್ಲಿ ಆಚೆ ಮನೆ ಕಾಣಿಸುತ್ತೆ. ಹಣ್ಣು ಹೆಚ್ಚಿದೀರೋ, ಕಿಟಕಿಗೆ ಗಾಜು ಮಾಡಿದೀರೋ?" ಎನ್ನುತ್ತಿದ್ದ ಗವೀನೋ.

"ನೀವು ಹೆಚ್ಚಿದ್ದನ್ನ ತಿನ್ನೋಕೆ ಕುರಿ ಹಲ್ಲೇ ಬೇಕು."

ಒಂದು ಗುರುವಾರ, ಅವಳ ಬೆರಳಿಗೆ ಅಂಟಿದ್ದ ಅಕ್ರೋಟಿನ ಸಿಪ್ಪೆಯನ್ನು ಅವನು ಮೆಲ್ಲಗೆ ತೆಗೆದ. ಅಷ್ಟೇ. ತೆಗೆದ ಮೇಲೂ ಆ ಬೆರಳನ್ನು ಒಂದು ಕ್ಷಣ ಹಿಡಿದೇ ಇದ್ದ. ಇಡೀ ವಾರ ಅವಳು ಆ ಒಂದು ಕ್ಷಣದಲ್ಲೇ ಬದುಕಿದಳು.

*ಇದೇನು ನಿನಗೆ, ಎರ್ಸೀಲಿಯಾ... ಹದಿನಾರರ ಹುಡುಗಿಯೇನು ನೀನು?*

ಅತ್ತೆ ಎಲ್ಲ ನೋಡುತ್ತಿದ್ದಳು. "ಚೀಸ್ ಇಳಿಸೋಕೆ ಎರಡು ಗಂಟೆ ಬೇಕೇನೇ?" ಎಂದಷ್ಟೇ ಕೇಳಿ ಸುಮ್ಮನಾಗುತ್ತಿದ್ದಳು.

ಈಸ್ಟರ್ ಹಬ್ಬದ ಊಟಕ್ಕೆ ಸಿಯೆನಾದ ವಕೀಲ ಬಾರ್ಜಿ ತನ್ನ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬಂದ. ಉದ್ದನೆಯ ಮೇಜು ತುಂಬಿತ್ತು. ಮರಸೇಬು, ಚೀಸ್, ಮೇಲೆ ಕರಿಮೆಣಸು ಉದುರಿಸಿದ ಹೋಳುಗಳ ತಟ್ಟೆ ಎರಡನೇ ಸುತ್ತು ಬಂದಾಗ ವಕೀಲ ಒಂದನ್ನು ಎತ್ತಿ ಹಿಡಿದ.

"ಭಾರಿ ಚೆನ್ನಾಗಿದೆಯಮ್ಮಾ. ಚೀಸ್ ಎಲ್ಲಿಯದು? ಆ ಸಾರ್ಡಿನಿಯಾದವರದ್ದಂತೂ ಅಲ್ಲ ತಾನೆ? ಅವರು ಮನೆಯೊಳಗೆ ಬಂದುಹೋದ ಮೇಲೆ ಚಮಚ ಎಣಿಸ್ಕೋಬೇಕಂತೆ."

ಮೇಜಿನ ಸುತ್ತ ನಗು ಎದ್ದಿತು. ಎಲ್ಲ ಕಣ್ಣುಗಳೂ ಎರ್ಸೀಲಿಯಾಳ ಮೇಲೆ. ಆ ಕಣ್ಣುಗಳು ಅವಳಿಗೆ ಗೊತ್ತು... ಚರ್ಚಿನ ಮೆಟ್ಟಿಲ ಮೇಲಿನ ಕಣ್ಣುಗಳು.

"ಇಲ್ಲ," ಎಂದಳು. "ನಮ್ಮೂರಿನವರದ್ದೇ."

ಹೇಳಿ ಮುಗಿಸಿ ಅಡುಗೆಮನೆಯತ್ತ ತಿರುಗಿದಳು. ಅಲ್ಲಿ ಬಾಗಿಲಲ್ಲಿ ಗವೀನೋ ನಿಂತಿದ್ದ. ಹಬ್ಬಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ, ಇನ್ನೂ ಹಬೆಯಾಡುತ್ತಿದ್ದ ರಿಕೋಟಾ ಎಂಬ ಮೆತ್ತನೆಯ ಚೀಸಿನ ಬುಟ್ಟಿ.

ಅವನು ಬುಟ್ಟಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು ಹೊರಟುಹೋದ.

ಮುಂದಿನ ಗುರುವಾರ ಬಾಗಿಲಲ್ಲಿ ಕೆಮ್ಮಿದ್ದು ಅವನಲ್ಲ. ತಲೆಗೆ ಕಪ್ಪು ವಸ್ತ್ರ ಕಟ್ಟಿದ, ದೊಡ್ಡ ಕಣ್ಣಿನ ಹೆಂಗಸು. ಸುಮಾರು ಎರ್ಸೀಲಿಯಾಳದ್ದೇ ವಯಸ್ಸು.

"ಗವೀನೋ... ಬರಲಿಲ್ವಾ?"

"ಅವನಿಗೆ ಕೆಲಸ ಇದೆ. ಇನ್ಮೇಲೆ ನಾನೇ ಬರ್ತೀನಿ. ಈಗ ಮನೇಲಿ ನಾವಿಬ್ಬರಿದೀವಲ್ಲ, ಕಷ್ಟ ಇಲ್ಲ."

ನಾವಿಬ್ಬರು. ಹಾಗಾದರೆ ದ್ವೀಪದಲ್ಲಿ ಒಬ್ಬಳಿದ್ದಳು. ಕರೆಸಿಕೊಂಡಿದ್ದಾನೆ. ಕರೆಸಿಕೊಳ್ಳದೆ ಏನು ಮಾಡಿಯಾನು? ತನ್ನ ಹೆಸರನ್ನೇ ಬಾಯಿಬಿಟ್ಟು ಹೇಳದ ಹೆಣ್ಣಿಗಾಗಿ ಯಾವ ಗಂಡಸು ಕಾಯುತ್ತಾನೆ?

ಅವಳು ಕೇಳಲಿಲ್ಲ. ಕೇಳುವ ಹಕ್ಕನ್ನು ತಾನೇ ಕಳೆದುಕೊಂಡಿದ್ದೇನೆ ಅನಿಸಿತು.

ಏಪ್ರಿಲ್ ಕಳೆಯಿತು, ಮೇ ಕಳೆಯಿತು. ಬೆಳಿಗ್ಗೆ ಕಿಟಕಿ ತೆರೆದರೆ ಕಣಿವೆಯ ಆಳದಿಂದ ಕುರಿಗಂಟೆಗಳ ಸದ್ದು ಬರುತ್ತಿತ್ತು. ಅದರಲ್ಲಿ ಅವನ ಮಂದೆಯದು ಯಾವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎಲ್ಲವೂ ಅವನದೇ ಎಂದುಕೊಂಡು ಕೇಳುತ್ತಿದ್ದಳು. ಕೆಲಸದ ನಡುವೆ ಹಿಂಬಾಗಿಲಲ್ಲಿ ನೆರಳಾಡಿದರೆ ಎದೆ ಹಾರುತ್ತಿತ್ತು. ನೋಡಿದರೆ ಬೆಕ್ಕು.

ಹೊಸ ಹಣ್ಣುಗಳು ಬಂದವು. ಚೆರ್ರಿ ಬಂತು, ಏಪ್ರಿಕಾಟ್ ಬಂತು. ಅವಳು ಹೊಸದೇನನ್ನೂ ಮಾಡಲಿಲ್ಲ.

"ಉಪ್ಪು ಹಾಕೋದು ಮರೀತೀಯ, ಇಲ್ಲಾ ಎರಡು ಸಲ ಹಾಕ್ತೀಯ," ಎಂದಳು ಅತ್ತೆ ಒಂದು ದಿನ. "ಹೀಗೇ ಆದ್ರೆ ಅತಿಥಿಗಳು ನನ್ನನ್ನೇ ಹುರಿದು ಬಡಿಸು ಅಂತಾರೆ."

ಎರ್ಸೀಲಿಯಾ ನಗಲು ಹೋಗಿ ಅತ್ತುಬಿಟ್ಟಳು. ಅತ್ತೆ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಜೂನಿನ ಎರಡನೇ ಗುರುವಾರ ಆ ಹೆಂಗಸು ಚೀಸ್ ಇಳಿಸಿ, ಹೋಗದೆ ನಿಂತಳು.

"ಇನ್ನು ಎರಡೇ ವಾರ ತರೋದು. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಅಣ್ಣ ಮಂದೆ ಮಾರ್ತಿದಾನೆ. ಊರಿಗೆ ವಾಪಸ್ ಹೋಗ್ತೀವಿ."

"ಅಣ್ಣ?"

"ಗವೀನೋ. ನನ್ನಣ್ಣ." ಹೆಂಗಸು ಅವಳನ್ನೇ ದಿಟ್ಟಿಸಿದಳು. "ನಾನು ಮಿಂತೋನಿಯಾ. ನೀವು ಇಷ್ಟು ದಿನ ಯಾರು ಅಂದ್ಕೊಂಡಿದ್ರಿ?"

ಎರ್ಸೀಲಿಯಾ ಮೇಜನ್ನು ಹಿಡಿದುಕೊಂಡಳು. ಮೊದಲು ಸಂತೋಷ, ಅದರ ಬೆನ್ನಿಗೇ ಭಯ. "ಯಾಕೆ ಹೋಗ್ತಿದಾರೆ?"

"ಅದನ್ನ ಅವನು ಹೇಳಲ್ಲ. ಹುಲ್ಲು ಚೆನ್ನಾಗಿದೆ, ನೀರಿದೆ. ಸಂಜೆ ಊಟಕ್ಕೆ ಕೂತರೆ ಬ್ರೆಡ್ಡಿನ ಮೇಲೆ ಹಣ್ಣಿಟ್ಟು, ಚೀಸಿಟ್ಟು ನೋಡ್ತಾನೆ. ಆಮೇಲೆ ತಿನ್ನದೆ ನಾಯಿಗೆ ಹಾಕ್ತಾನೆ." ಮಿಂತೋನಿಯಾ ಬುಟ್ಟಿ ಎತ್ತಿಕೊಂಡಳು. "ನಮ್ಮ ನಾಯಿ ದಪ್ಪ ಆಗಿದೆ."

ಆ ಭಾನುವಾರ ವಕೀಲ ಬಾರ್ಜಿ ಮತ್ತೆ ಬಂದ. ಮಗಳ ನಿಶ್ಚಿತಾರ್ಥದ ಊಟ, ಹತ್ತೊಂಬತ್ತು ಜನ. ಎರ್ಸೀಲಿಯಾ ಬೆಳಿಗ್ಗೆಯೇ ಎದ್ದು ಏಪ್ರಿಕಾಟ್‌ಗಳನ್ನು ಸೀಳಿ, ಕೆಂಡದ ಮೇಲೆ ಅಂಚು ಕಪ್ಪಾಗುವಷ್ಟು ಸುಟ್ಟಳು. ಚೀಸ್ ಮೆತ್ತಗಾದ ಹೋಳುಗಳ ಮೇಲೆ ಅವನ್ನು ಮಗುಚಿಟ್ಟು, ಎರಡೆರಡು ಎಲೆ ಕಾಡುಪುದೀನ ಉದುರಿಸಿದಳು. ತಿಂಗಳುಗಳ ನಂತರ ಅವಳು ಮಾಡಿದ ಮೊದಲ ಹೊಸ ತಟ್ಟೆ.

ತಟ್ಟೆಯನ್ನು ತಾನೇ ಮೇಜಿಗೆ ಒಯ್ದಳು. ಎಲ್ಲರೂ ತಿಂದರು, ಹೊಗಳಿದರು. ಮದುಮಗಳು ಕೇಳಿದಳು, "ಇದನ್ನೆಲ್ಲ ಎಲ್ಲಿ ಕಲಿತ್ರಿ? ನಾನೂ ನಮ್ಮ ಮನೆಗೆ ಬಂದೋರಿಗೆ ಮಾಡ್ಬೇಕು."

"ಕಷ್ಟ ಏನಿಲ್ಲ. ಹೇಳಿಕೊಡ್ತೀನಿ," ಎಂದಳು ಎರ್ಸೀಲಿಯಾ. "ನನಗೆ ಕಲಿಸಿದ್ದು ಗವೀನೋ ಸೋಲಿನಾಸ್. ಕೆಳಗಿನ ಹೊಲದವರು, ಸಾರ್ಡಿನಿಯಾದವರು. ಈ ಚೀಸ್ ಅವರದು. ಈಸ್ಟರ್ ದಿನ ನೀವು ತಿಂದಿದ್ದೂ ಅವರದೇ."

ವಕೀಲನ ಕೈಯಲ್ಲಿದ್ದ ಹೋಳು ಅರ್ಧ ದಾರಿಯಲ್ಲೇ ನಿಂತಿತು.

"ಅವತ್ತು ನೀವು ಕೇಳಿದಾಗ ನಾನು ಸುಳ್ಳು ಹೇಳ್ದೆ. ಅವರ ಹೆಸರು ಹೇಳೋಕೆ ನಾಚಿಕೊಂಡೆ. ಅಲ್ಲಿಂದ ಇಲ್ಲಿವರೆಗೆ ನನ್ನ ಬಗ್ಗೆನೇ ನಾಚ್ಕೊಂಡು ಬದುಕ್ತಿದೀನಿ." ಧ್ವನಿ ಒಡೆಯಿತು, ಆದರೂ ಮುಗಿಸಿದಳು. "ಈ ಮನೆಗೆ ಅಷ್ಟು ಮರ್ಯಾದಸ್ಥರು ಇನ್ನೊಬ್ಬರು ಬಂದಿಲ್ಲ."

ಆಗ ಮೇಜಿನ ತುದಿಯಲ್ಲಿ ನಿಂತಿದ್ದ ಕ್ಲೇಲಿಯಾ ಅತ್ತೆ ಕೈ ಚಾಚಿ ತಟ್ಟೆಯಿಂದ ಒಂದು ಹೋಳು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಗರಕ್ಕನೆ ಕಚ್ಚಿದಳು.

"ಬಿಸಿ ಇರೋವಾಗ್ಲೇ ತಿನ್ನಿ, ವಕೀಲರೇ. ಆರಿದ್ರೆ ರಬ್ಬರ್ ಆಗುತ್ತೆ."

ಮೊದಲು ಕೈ ಹಾಕಿದ್ದು ವಕೀಲನ ಹೆಂಡತಿ. ಆಮೇಲೆ ಮದುಮಗಳು. ವಕೀಲ ಕೆಂಪಗಾಗಿ, ಕೈಯಲ್ಲಿದ್ದುದನ್ನು ಏನು ಮಾಡಬೇಕೆಂದು ತೋಚದೆ, ಕೊನೆಗೆ ಬಾಯಿಗಿಟ್ಟುಕೊಂಡ.

ಎರ್ಸೀಲಿಯಾ ಅದನ್ನು ನೋಡಲು ನಿಂತಿರಲಿಲ್ಲ. ಏಪ್ರನ್ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ್ದಳು.

"ಪಾಸ್ತಾ ನಾನು ನೋಡ್ಕೋತೀನಿ, ಹೋಗು," ಎಂದಳು ಹಿಂದಿನಿಂದ ಅತ್ತೆ. "ಬಿಸಿಲಿದೆ, ನೆರಳಲ್ಲಿ ನಡಿ."

ಗೋಧಿ ಹೊಲಗಳ ನಡುವಿನ ಕಾಲುದಾರಿಯಲ್ಲಿ ಇಳಿಯುವಾಗ ಅವಳು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಳು. ದೊಡ್ಡಿಯ ಬಳಿ, ತೋಳು ಮಡಚಿ ಕುರಿಯೊಂದರ ಉಣ್ಣೆ ಕತ್ತರಿಸುತ್ತಿದ್ದ ಗವೀನೋ ತಲೆ ಎತ್ತಿದೊಡನೆ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ಬಡವಾಗಿದ್ದ.

"ಚೀಸಲ್ಲಿ ಏನಾದ್ರೂ ತಪ್ಪಾಯ್ತಾ?" ಎಂದ ಅವನು.

"ತಪ್ಪಾಗಿದ್ದು ನನ್ನಲ್ಲಿ."

ಅವನು ಕುರಿಯನ್ನು ಬಿಟ್ಟ. ಅದು ಅರ್ಧ ಉಣ್ಣೆಯೊಂದಿಗೇ ಓಡಿತು. ಕೈ ಒರೆಸಿಕೊಳ್ಳುತ್ತಾ ನೆಲ ನೋಡಿದ.

"ಆ ವಕೀಲರ ಮಾತಿಗೆ ನನಗೇನೂ ಆಗಲಿಲ್ಲ. ಅಂಥದ್ದು ಬಹಳ ಕೇಳಿದೀನಿ. ನಿಮ್ಮ ‘ಇಲ್ಲ’ ಇತ್ತಲ್ಲ... ಅದು ಇಷ್ಟು ಸಣ್ಣ ಮಾತು. ಎಲ್ಲಿ ಇಟ್ಟರೂ ಚುಚ್ಚುತ್ತೆ."

"ಗೊತ್ತು."

"ಇಲ್ಲಿ ಯಾರೂ ಇಲ್ಲ. ಇಲ್ಲಿ ಬಂದು ತಪ್ಪಾಯ್ತು ಅನ್ನೋದು ಸುಲಭ."

ಅವಳಿಗೆ ಅಳು ಒತ್ತಿ ಬಂತು, ತಡೆದುಕೊಂಡಳು. "ಮೇಲೆ ಹತ್ತೊಂಬತ್ತು ಜನರ ಮುಂದೆ ಹೇಳಿಯೇ ಬಂದೆ. ಅವರೂ ಇದ್ದರು, ವಕೀಲರು. ಆದರೆ ಅದನ್ನ ತೋರಿಸಿ ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ."

"ಮತ್ತೆ?"

"ಅವರ ಮುಂದೆ ಹೇಳದೆ ಉಳಿಸಿಕೊಂಡಿದ್ದು ಒಂದಿದೆ." ಗಾಳಿ ಅವಳ ಕೂದಲನ್ನು ಮುಖಕ್ಕೆ ತಂದಿತು, ಅವಳು ಸರಿಸಿಕೊಳ್ಳಲಿಲ್ಲ. "ನೀವು ಬರದೆ ಹೋದ ಮೇಲೆ ನನಗೆ ಹಸಿವೂ ತಿಳೀತಿಲ್ಲ, ರುಚಿಯೂ ತಿಳೀತಿಲ್ಲ. ನಿಮ್ಮ ತಂಗೀನ ನಿಮ್ಮ ಹೆಂಡತಿ ಅಂದ್ಕೊಂಡು ಎರಡು ತಿಂಗಳು ದಿನಾ ಸತ್ತಿದೀನಿ. ನೀವಂದ್ರೆ ನನಗೆ ಇಷ್ಟ. ತುಂಬಾ... ಅಷ್ಟೇ ಹೇಳೋಕಿತ್ತು."

ಗವೀನೋನ ಭುಜ ಕುಲುಕಿತು. ಅಳುತ್ತಿದ್ದಾನೇನೋ ಎಂದು ಅವಳು ಹೆದರಿದಳು. ಅವನು ನಗುತ್ತಿದ್ದ, ಕಣ್ಣು ಮಾತ್ರ ಒದ್ದೆ.

"ಮಿಂತೋನಿಯಾನಾ? ಅವಳು ಕೇಳಿದ್ರೆ ಕತ್ತರಿ ತಗೊಂಡು ನಿಮ್ಮ ಹಿಂದೆ ಬರ್ತಾಳೆ."

ಅವನೇ ಮುಂದೆ ಬಂದು, ಅವಳ ಮುಖದ ಮೇಲಿನ ಕೂದಲನ್ನು ಎರಡು ಬೆರಳಲ್ಲಿ ಸರಿಸಿದ. ಅವನ ಕೈ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ಅವಳು ಆ ಅಂಗೈಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು.

"ಮಂದೆ ಮಾರಿ ಆಯ್ತಾ?"

"ಮಾತಾಗಿದೆ. ಇನ್ನೂ ಕೈ ಕುಲುಕಿಲ್ಲ."

"ಹಡಗು?"

"ಅದರ ಪಾಡಿಗೆ ಅದು ಹೋಗುತ್ತೆ. ನಾನು ಹತ್ತಲೇಬೇಕು ಅಂತೇನಿಲ್ಲ." ಅವನ ದನಿ ತಗ್ಗಿತು. "ಯಾರಾದ್ರೂ ತಡೆದ್ರೆ."

ಎರ್ಸೀಲಿಯಾ ಕಣ್ಣು ತೆರೆದಳು.

"ಇರು," ಎಂದಳು.

ಇರಿ ಎನ್ನಲಿಲ್ಲ. ಅವನಿಗೆ ಅದು ಕೇಳಿಸಿತು.

"ಏನಂದೆ?"

"ಇರು ಅಂದೆ, ಗವೀನೋ. ನನ್ನ ಜೊತೆ ಇರು."

"ಇನ್ನೊಂದ್ಸಲ ಹೇಳು," ಎಂದ ಅವನು. "ಮೆಲ್ಲಗೆ ಹೇಳು. ನನಗೇನೂ ಅವಸರ ಇಲ್ಲ."