ಗರಗಸದ ಒಂದು ಹಲ್ಲು

ಮುದುಕನಿಗೆ ಮರೆವು ಅಂತ ಗ್ರೂಪಿನಲ್ಲಿ ಯಾವನೋ ನಕ್ಕನಂತೆ. ನಗಲಿ. ನಲವತ್ತು ವರ್ಷ ಗರಗಸಕ್ಕೆ ಸಾಣೆ ಹಿಡಿದವನು ನಾನು. ಯಾವ ಬ್ಲೇಡಿನ ಹಲ್ಲು ಎಂದು ಮುರಿಯಿತು ಅಂತ ಈಗಲೂ ಹೇಳುತ್ತೇನೆ. ನೀವು ನಿನ್ನೆ ಚಪ್ಪಲಿ ಎಲ್ಲಿ ಬಿಟ್ಟಿರಿ, ಮೊದಲು ಅದು ಹೇಳಿ. ಆಯಿತಲ್ಲ? ಸುಮ್ಮನೆ ಕೇಳಿ.

ಸೋಮವಾರ ಬೆಳಿಗ್ಗೆ. ಮರ ಕೊಯ್ಯುವ ಮಿಲ್ಲಿನ ಅಂಗಳ ಖಾಲಿ. ಅರವತ್ತು ದಿಮ್ಮಿ ಮಾಯ. ಹಿಂದಿನ ಗೇಟಿನ ಬೀಗ ಒಡೆದಿತ್ತು. ಮಿಲ್ಲಿನ ಸಾಹುಕಾರ ಇನ್ಸ್‌ಪೆಕ್ಟರ್ ಮುಂದೆ ಎದೆ ಬಡಿದುಕೊಳ್ಳುತ್ತಿದ್ದ.

“ಈ ಕಾವಲುಗಾರನೇ ಕಳ್ಳರ ಜೊತೆ ಸೇರ್ಕೊಂಡಿದಾನೆ ಸಾರ್!”

ಕಾವಲುಗಾರ ನನ್ನ ತಂಗಿಯ ಗಂಡ.

“ಭಾನುವಾರ ನೀವೇ ರಜಾ ಕೊಟ್ರಲ್ಲ ಧಣಿ?”

“ನಾನೆಲ್ಲಿ ಕೊಟ್ಟೆ? ಕನಸು ಕಂಡ್ಯಾ?”

ಇನ್ಸ್‌ಪೆಕ್ಟರ್ ಅವನನ್ನು ಜೀಪು ಹತ್ತಿಸಿದರು.

ಆ ವರ್ಷ ಮರಕ್ಕೇ ಬರ. ದಿಮ್ಮಿ ಸಿಗದೆ ನಿಂತ ಮಿಲ್ಲುಗಳಿಗೆ ಸರ್ಕಾರ ನೆರವು ಕೊಡುತ್ತಿತ್ತು. ಅರಣ್ಯ ಇಲಾಖೆಯ ಡಿಪೋದಿಂದ ಅರ್ಧ ಬೆಲೆಗೆ ಮರ, ಕೆಲಸದವರಿಗೆ ಅರ್ಧ ಕೂಲಿ. ಮುಂದಿನ ವಾರ ಬುಧವಾರ ಅಧಿಕಾರಿ ಬಂದು ಈ ಮಿಲ್ಲಿನ ಅಂಗಳ ನೋಡುವುದಿತ್ತು.

* * *

ಮೊದಲು ನನಗೆ ಊರ ಬಡಗಿಯ ಮೇಲೆ ಅನುಮಾನ. ಅವನ ಹಿತ್ತಲಲ್ಲಿ ಟಾರ್ಪಾಲು ಮುಚ್ಚಿದ ರಾಶಿ ಇತ್ತು. ಎತ್ತಿ ನೋಡಿದರೆ ಹಳೇ ಕಿಟಕಿ, ಬಾಗಿಲು.

“ಇದನ್ನ ಕದ್ದೋನಿಗೆ ನಾನೇ ಹಾರ ಹಾಕ್ತೀನಿ” ಅಂದ ಬಡಗಿ.

ತಂಗಿ ಬಂದು ನನ್ನ ಮುಂದೆ ಕುಕ್ಕರಿಸಿದಳು. “ಅಣ್ಣಾ, ಜೈಲು ಬೇಕಾದ್ರೆ ತಡ್ಕೊತಾರೆ. ಕಳ್ಳ ಅನ್ನೋ ಮಾತು ತಡ್ಕೊಳಲ್ಲ.”

* * *

ಶನಿವಾರ ಮಿಲ್ಲಿನ ಡ್ರೈವರ್ ಎಂದಿನಂತೆ ನನ್ನ ಅಂಗಡಿಗೆ ಬ್ಲೇಡು ಎಸೆದು ಹೋದ. ಕೈಗೆತ್ತಿಕೊಂಡೆ. ಪೂರಾ ಮೊಂಡು. ಹಲ್ಲಿನ ಸಂದಿಯಲ್ಲಿ ಮರದ ಹಸಿ ಕೆಂಪು ಹೊಟ್ಟು. ಒಂದು ಹಲ್ಲು ಮುರಿದಿತ್ತು.

ಹಿಂದಿನ ಶನಿವಾರ ನಾನೇ ಹರಿತ ಮಾಡಿ ಕಳಿಸಿದ್ದ ಬ್ಲೇಡದು!

ನೆಟ್ಟಗೆ ಠಾಣೆಗೆ ಹೋದೆ.

“ಏನ್ರೀ ಸಾಣೆಯವ್ರೇ, ತಂಗಿ ಗಂಡನ್ನ ಬಿಡಿಸೋಕಾ?” ಅಂದರು ಇನ್ಸ್‌ಪೆಕ್ಟರ್.

“ಅಲ್ಲ ಸಾರ್. ಒಂದು ಹಲ್ಲು ಹುಡುಕೋಕೆ.”

* * *

ಬುಧವಾರ. ಅಧಿಕಾರಿಯ ಮುಂದೆ ಸಾಹುಕಾರ ಕಣ್ಣೊರೆಸಿಕೊಳ್ಳುತ್ತಿದ್ದ.

“ಮಿಲ್ಲು ನಿಂತು ಎಷ್ಟು ದಿನ ಆಯ್ತು ಸಾಹುಕಾರ್ರೇ?” ಕೇಳಿದೆ.

“ಒಂಬತ್ತು. ಒಂದು ಕಡ್ಡಿನೂ ಕೊಯ್ದಿಲ್ಲ.”

“ಮತ್ತೆ ನಿಮ್ಮ ಬ್ಲೇಡು ಯಾರ ತಲೆ ಕೊಯ್ದು ಮೊಂಡಾಯ್ತು?”

ಅವನ ಮುಖ ಹುಳ್ಳಗಾಯಿತು. ಅಷ್ಟುದ್ದದ ಬ್ಲೇಡು ಕೂರುವ ಯಂತ್ರ ಊರಲ್ಲಿ ಎರಡೇ. ಒಂದು ಈ ಮಿಲ್ಲಿನದು. ಇನ್ನೊಂದು ಅವನ ಮಾವನ ಗೋದಾಮಿನ ಹಳೇ ಯಂತ್ರ. ಅದನ್ನು ಕೂರಿಸಿದವನೂ ನಾನೇ. ಇನ್ಸ್‌ಪೆಕ್ಟರ್ ಬೆಳಿಗ್ಗೆಯೇ ಅಲ್ಲಿಗೆ ನುಗ್ಗಿದ್ದರು. ಜೀಪಿನಿಂದ ಒಂದು ಹಲಗೆ ಇಳಿಸಿದರು. ಅದರ ಗಂಟಿನಲ್ಲಿ ಉಕ್ಕಿನ ಚೂರು. ಇಕ್ಕಳದಿಂದ ಕಿತ್ತು ಬ್ಲೇಡಿಗೆ ಹಿಡಿದೆ. ಕೂದಲೆಳೆ ಸಂದಿ ಇರಲಿಲ್ಲ.

ಅಂಗಳದಲ್ಲಿ ದಿಮ್ಮಿ ಇದ್ದರೆ ನೆರವಿಲ್ಲ. ಅವನು ಅರವತ್ತು ದಿಮ್ಮಿ ಕೊಂಡದ್ದು ಡಿಪೋದವರಿಗೆ ಗೊತ್ತು. ಭಾನುವಾರ ರಾತ್ರಿ ತಾನೇ ಬೀಗ ಒಡೆದು ಮಾವನ ಗೋದಾಮಿಗೆ ಸಾಗಿಸಿದ್ದ. ಅದಕ್ಕೆ ಕಳವು ಬೇಕಿತ್ತು, ಕಳವಿಗೊಬ್ಬ ಕಳ್ಳ ಬೇಕಿತ್ತು. ಎಲ್ಲ ಯೋಚಿಸಿದ್ದ, ಶನಿವಾರವನ್ನು ಬಿಟ್ಟು. ಶನಿವಾರ ಬಂತೆಂದರೆ ಮೊಂಡು ಬ್ಲೇಡು ಸಾಣೆಗೆ ಹೋಗಬೇಕು. ಇಪ್ಪತ್ತು ವರ್ಷದ ಅಭ್ಯಾಸ. ಬೇಡ ಅನ್ನಲು ಅವನಿಗೆ ಹೊಳೆಯಲೇ ಇಲ್ಲ.

* * *

ಸಾಹುಕಾರ ನಾಲ್ಕೇ ದಿನಕ್ಕೆ ಜಾಮೀನಿನ ಮೇಲೆ ಹೊರಬಂದ. ಮಿಲ್ಲಿಗೆ ಬೀಗ ಬಿತ್ತು. ಕೆಲಸದವರ ಅರ್ಧ ಕೂಲಿಯೂ ಹೋಯಿತು. “ನಿನ್ನ ನ್ಯಾಯ ಬೇಯಿಸ್ಕೊಂಡು ತಿನ್ನು” ಅಂತ ನನ್ನ ಬಾಗಿಲಿಗೆ ಉಗಿದರು.

ತಂಗಿಯ ಗಂಡ ಬಿಡುಗಡೆಯಾದ. ಆದರೆ ಯಾವ ಮಿಲ್ಲೂ ಅವನ ಕೈಗೆ ಕೀಲಿ ಕೊಡಲಿಲ್ಲ. “ಬೆಂಕಿ ಇಲ್ದೆ ಹೊಗೆ ಆಡುತ್ತಾ?” ಅಂದರು. ಆ ಮಾತು ಹೊತ್ತುಕೊಂಡೇ ಸತ್ತ.

ಈ ವಾಯ್ಸ್ ಮೆಸೇಜನ್ನು ನಾಲ್ಕು ಜನಕ್ಕೆ ಕಳಿಸಿ. ಅವನು ಕದ್ದ ಅಂತ ಹೇಳಲು ಇಡೀ ಊರಿತ್ತು. ಕದ್ದಿಲ್ಲ ಅಂತ ಹೇಳಲು ನಾನೊಬ್ಬನೇ ಉಳಿದಿದ್ದೇನೆ.