ಏಳನೇ ಮಹಡಿಗೆ ಹಾಕದ ಬೋರ್ಡು

ಮಧ್ಯಾಹ್ನ ಮೂರು ಗಂಟೆಗೆ ನ್ಯಾಯಾಲಯ ಬಿಲ್ಡರನನ್ನು ಬಿಡುಗಡೆ ಮಾಡಿತು. ಸತ್ತವಳ ಅಣ್ಣ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡ. ಅವನು ಅವಳ ಅಣ್ಣನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಂಗಿ ಟೈಲರ್. ಗಿರಾಕಿ ಅಳತೆ ಸರಿಮಾಡಲು ವಾಪಸ್ ಕೊಟ್ಟ ಬಟ್ಟೆಗಳನ್ನು ತೋಳತುಂಬ ಹೊತ್ತು, ಬಿಲ್ಡರನ ಕಟ್ಟಡದ ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಎಳೆದು ಕಾಲಿಟ್ಟಳು. ಒಳಗೆ ಲಿಫ್ಟ್ ಇರಲಿಲ್ಲ. ಕೆಟ್ಟು ಕೆಳಗೆ ನಿಂತಿತ್ತು. ಲಿಫ್ಟ್ ಬಾರದೆ ಬಾಗಿಲು ತೆರೆಯಬಾರದು; ಬೀಗದ ಸ್ಪ್ರಿಂಗ್ ಸವೆದು ತೆರೆಯಿತು. ಎಚ್ಚರಿಕೆಯ ಬೋರ್ಡೂ ಇರಲಿಲ್ಲ.

"ಬೋರ್ಡು ಇತ್ತು ಸ್ವಾಮಿ, ಆಯಮ್ಮ ನೋಡ್ಲಿಲ್ಲ," ಎಂದು ಕಾವಲುಗಾರ ಸಾಕ್ಷಿ ನುಡಿದ. ಸಾವಿನ ಮರುದಿನ ಮಾಡಿಸಿದ ಬೋರ್ಡುಗಳನ್ನು ಬಿಲ್ಡರನ ವಕೀಲರು ಎತ್ತಿ ತೋರಿಸಿದರು. ಹಳದಿ ತಗಡು, ದಪ್ಪ ಕೆಂಪು ಅಕ್ಷರ: ಲಿಫ್ಟ್ ದುರಸ್ತಿಯಲ್ಲಿದೆ.

ಅಣ್ಣ ಹಿಂದೊಮ್ಮೆ ಲಿಫ್ಟ್ ಮೆಕ್ಯಾನಿಕ್. ಈಗ ಬಾಡಿಗೆಗೆ ಕೊಲ್ಲುತ್ತಿದ್ದ. ಚಾಕು, ಬಂದೂಕು ಮುಟ್ಟಿದವನಲ್ಲ. ಅವನು ಮುಗಿಸಿದ ಕೆಲಸ ಪತ್ರಿಕೆಯ ಒಳಪುಟದಲ್ಲಿ 'ಆಕಸ್ಮಿಕ' ಎಂದು ನಾಲ್ಕು ಸಾಲಾಗಿ ಬಂದು ಮರೆತುಹೋಗುತ್ತಿತ್ತು. ಕೆಲಸ ತಂದುಕೊಡುವ ದಲ್ಲಾಳಿ ಅವನನ್ನು ಮೇಸ್ತ್ರಿ ಎನ್ನುತ್ತಿದ್ದ.

ಸ್ವಲ್ಪ ದಿನ ಬೇರೆ ಕೆಲಸ ಬೇಡ, ಆ ಬಿಲ್ಡರನದೊಂದಿದೆ ಎಂದು ಅಣ್ಣ ಹೇಳಿದಾಗ ದಲ್ಲಾಳಿ ಚಹಾ ಲೋಟ ಕೆಳಗಿಟ್ಟ.

"ನಂಗೆ ತಿಳಿಯದ ಪಾರ್ಟಿ ಯಾರಪ್ಪಾ ಅದು? ಯಾರು ಕಳಿಸ್ತಿದ್ದಾರೆ ನಿನ್ನ?"

"ಯಾರೂ ಇಲ್ಲ."

"ಏನು ಮೇಸ್ತ್ರಿ, ಸಮಾಜಸೇವೆ ಶುರು ಮಾಡಿದ್ಯಾ?" ನಕ್ಕವನು ಎದುರಿನ ಮುಖ ನೋಡಿ ನಗು ನುಂಗಿಕೊಂಡ. "ಬೇರೆಯವರ ಕೆಲಸಕ್ಕೆ ನಿನ್ನ ಕೈಯಷ್ಟೇ ಹೋಗುತ್ತೆ. ಇದಕ್ಕೆ ಹೊಟ್ಟೆಯ ಸಂಕಟಾನೂ ಜೊತೆಗೆ ಹೋಗುತ್ತೆ. ಬೇಡ, ಬಿಟ್ಬಿಡು."

"ಆ ಲಿಫ್ಟಿನ ಗುಂಡಿಗೆ ಬಿದ್ದು ಸತ್ತೋಳು ನನ್ನ ತಂಗಿ."

ದಲ್ಲಾಳಿ ಚಹಾ ಮುಗಿಸದೆ ಎದ್ದುಹೋದ.

ಯೋಜನೆ ಸರಳವಾಗಿತ್ತು. ಏಳನೇ ಮಹಡಿ ಪೂರ್ತಿ ಬಿಲ್ಡರನ ಕಚೇರಿ. ಅಲ್ಲಿ ಲಿಫ್ಟ್ ಯಜಮಾನನಿಗೆ ಮಾತ್ರ. ಸಿಬ್ಬಂದಿ ಮೆಟ್ಟಿಲು ಹತ್ತಬೇಕು. ಊಟದ ಹೊತ್ತಿಗೆ ಬಿಲ್ಡರ್ ಫೋನ್ ಕಿವಿಗೊತ್ತಿ ಯಾರನ್ನಾದರೂ ಬೈಯುತ್ತ ಬರುತ್ತಾನೆ. ಲಿಫ್ಟ್ ಬಂದಿದೆ ಎನ್ನುವ ಹಸಿರು ದೀಪ ಕಂಡರೆ ಬಾಗಿಲು ಎಳೆಯುತ್ತಾನೆ, ಒಳಗೆ ನೋಡುವುದಿಲ್ಲ. ತೀರ್ಪಿನ ನಂತರವೂ ಅವನು ಐದನೇ ಮಹಡಿಯದೊಂದನ್ನು ಬಿಟ್ಟು ಹಳೇ ಬೀಗಗಳನ್ನು ಬದಲಿಸಿರಲಿಲ್ಲ. ಏಳನೇ ಮಹಡಿಗೊಂದು ಸವೆದ ಸ್ಪ್ರಿಂಗ್ ಹಾಕಿದರೆ ಯಾವ ತನಿಖೆಗೂ ಅದು ಹೊಸ ಸುದ್ದಿಯಲ್ಲ. ಹಸಿರು ದೀಪ ಉರಿಸಲು ಬೇರೊಂದು ತಂತಿ, ಆಮೇಲೆ ಅದನ್ನು ಕಿತ್ತರಾಯಿತು.

ಗೊತ್ತುಮಾಡಿದ ದಿನ ಅವನು ಕಟ್ಟಡದ ಲಿಫ್ಟ್ ಕಂಪನಿಯ ನೀಲಿ ಸಮವಸ್ತ್ರ ತೊಟ್ಟು, ಟೋಪಿ ಇಳಿಬಿಟ್ಟು ಒಳಗೆ ಹೋದ. ಕಾವಲುಗಾರ ತಲೆ ಎತ್ತಲಿಲ್ಲ. ಲಿಫ್ಟನ್ನು ಕೆಳಗೇ ನಿಲ್ಲಿಸಿ, ಮಾಳಿಗೆಯ ಯಂತ್ರದ ಕೋಣೆಯಲ್ಲಿ ಮುಖ್ಯ ಸ್ವಿಚ್ ಇಳಿಸಿದ. ಆ ಬೋರ್ಡುಗಳು ಅಲ್ಲೇ ಮೂಲೆಯಲ್ಲಿದ್ದವು, ಒಂದೊಂದು ಮಹಡಿಗೆ ಒಂದೊಂದು. ಅಂಚಿಗೆ ಸುತ್ತಿದ ದಾರವನ್ನು ಯಾರೂ ಬಿಚ್ಚಿರಲಿಲ್ಲ. ನ್ಯಾಯಾಧೀಶರಿಗೆ ತೋರಿಸಿದ ಮೇಲೆ ಅವು ಯಾರಿಗೂ ಬೇಕಾಗಿರಲಿಲ್ಲ.

ಅವನು ಬೋರ್ಡುಗಳ ಮುಂದೆ ಕ್ಷಣಹೊತ್ತು ನಿಂತ. ಉಳಿದ ಮಹಡಿಗಳ ಬೀಗಗಳು ಗಟ್ಟಿಯಾಗಿದ್ದವು, ಬೋರ್ಡಿನ ಅಗತ್ಯವಿರಲಿಲ್ಲ. ಆದರೆ ಹಳೇ ಬೀಗವನ್ನು ಯಾವ ಮೆಕ್ಯಾನಿಕ್ಕೂ ನಂಬುವುದಿಲ್ಲ. ಇನ್ನೊಬ್ಬರ ಮನೆಯ ಹುಡುಗಿ ಬೀಳುವುದು ಅವನಿಗೆ ಬೇಡವಾಗಿತ್ತು. ಒಂದೊಂದಾಗಿ ದಾರ ಬಿಚ್ಚಿ, ಏಳನೆಯದೊಂದನ್ನು ಬಿಟ್ಟು, ಉಳಿದವನ್ನು ಮಹಡಿಯಿಂದ ಮಹಡಿಗೆ ಇಳಿದು ತಾನೇ ತೂಗುಹಾಕಿದ.

ಮೂರನೇ ಮಹಡಿಯಲ್ಲಿ ಅಜ್ಜಿಯೊಬ್ಬರು ಊರುಗೋಲು ಹಿಡಿದು ಹೊರಬಂದರು.

"ಮತ್ತೆ ಕೆಟ್ಟಿತೇನಪ್ಪಾ? ಈ ಮೊಣಕಾಲಲ್ಲಿ ನಾನೇನು ಹಾರಿಕೊಂಡು ಇಳೀಲಾ?"

"ಒಂದು ಗಂಟೆ ಅಜ್ಜಿ."

"ನಿಮ್ಮ ಒಂದು ಗಂಟೆ ನಂಗೊತ್ತು. ಹೋದ ಸಲ ಎಂಟು ದಿನ ಆಗಿತ್ತು. ಬೋರ್ಡಾದ್ರೂ ಹಾಕಿದ್ರಲ್ಲ, ಪುಣ್ಯ. ಪಾಪ, ಆ ಟೈಲರ್ ಹುಡುಗಿ..."

ಅವನು ಮೆಟ್ಟಿಲು ಹತ್ತಿ, ಏಳನೇ ಮಹಡಿಯ ಬೀಗಕ್ಕೆ ಸವೆದ ಸ್ಪ್ರಿಂಗ್ ಹಾಕಿ, ದೀಪಕ್ಕೆ ತಂತಿ ಜೋಡಿಸಿ, ಯಂತ್ರದ ಕೋಣೆಯಲ್ಲಿ ಕಾದ.

ಊಟದ ಹೊತ್ತಿಗೆ ಏಳನೇ ಮಹಡಿಯಲ್ಲಿ ಫೋನಿನ ಬೈಗುಳ ಕೇಳಿಸಿತು. ಬಾಗಿಲು ಎಳೆದ ಸದ್ದಾಯಿತು. ಬೈಗುಳ ಅರ್ಧಕ್ಕೆ ನಿಂತಿತು. ಕೆಳಗೆ ಲಿಫ್ಟಿನ ಮೇಲೆ ಏನೋ ಬಿತ್ತು. ಅವನು ತಂತಿ ಕಿತ್ತು ಜೇಬಿಗೆ ಹಾಕಿಕೊಂಡ.  ಬೋರ್ಡುಗಳನ್ನು ಬಿಚ್ಚುತ್ತ ಇಳಿಯತೊಡಗಿದ. ಆರು, ಐದು, ನಾಲ್ಕು. ಆಕಸ್ಮಿಕದಲ್ಲಿ ಬೋರ್ಡು ಇರಬಾರದು ಎಂಬುದು ಅವನಿಗೆ ಗೊತ್ತಿತ್ತು.

ಮೂರನೇ ಮಹಡಿಯಲ್ಲಿ ಅಜ್ಜಿಯ ಪಕ್ಕ ನೀಲಿ ಸಮವಸ್ತ್ರದ ಇನ್ನೊಬ್ಬ ನಿಂತಿದ್ದ. "ಇವನೇ ನೋಡಿ, ಒಂದು ಗಂಟೆ ಅಂದೋನು," ಎಂದರು ಅಜ್ಜಿ. ಬಂದವನು ಲಿಫ್ಟ್ ಕಂಪನಿಯ ಮೇಲ್ವಿಚಾರಕ. ಕಚೇರಿ ಎರಡು ಬೀದಿ ಆಚೆ. "ನಮ್ಮ ಕಡೆಯಿಂದ ಯಾರೂ ಬಂದಿಲ್ಲ. ಯಾರಯ್ಯಾ ನಿನ್ನ ಕಳಿಸಿದ್ದು?" ಎಂದು ಕೇಳಿದ. ಅಣ್ಣ ತನ್ನ ಕಂಕುಳಲ್ಲಿದ್ದ ಬೋರ್ಡನ್ನು ನೋಡಿದ. ದೂರು ಇದ್ದರೆ ಫೋನ್ ಮಾಡಿ ಎಂದು ಕೆಂಪು ಅಕ್ಷರಗಳ ಕೆಳಗೆ ಸಣ್ಣದಾಗಿ ಕಂಪನಿಯ ನಂಬರ್ ಅಚ್ಚಾಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಅದನ್ನು ಓದಿ ಫೋನ್ ಮಾಡಿದ್ದರು. ಕೆಳಗೆ ಯಾರೋ ಕಿರುಚಿಕೊಂಡರು. ಏಳನೇ ಮಹಡಿಯ ಬೋರ್ಡು, ಸುತ್ತಿದ ದಾರದ ಸಮೇತ, ಯಂತ್ರದ ಕೋಣೆಯಲ್ಲಿ ಪೊಲೀಸರಿಗೆ ಸಿಕ್ಕಿತು.