ತಣಿಯುವ ತನಕ

"ಬೀಗದ ಕೈ ಕೊಡ್ತೀರೋ ಇಲ್ವೋ ಅಕ್ಕಾ?"

ಗಾಜಿನ ಕೆಲಸದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಹಿರಿ ಸೊಸೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಎದುರಿಗೆ ಕಿರಿ ಸೊಸೆ ಕೈ ಚಾಚಿ ನಿಂತಿದ್ದಳು. ಮನೆಯೊಳಗೆ ಮಂಚದ ಮೇಲೆ ಕಿರಿಯವಳ ಗಂಡ ದಿಂಬಿಗೊರಗಿ ಕೂತಿದ್ದ. ಐದು ದಿನ ಸುಟ್ಟ ವೈರಸ್ ಜ್ವರ ನಿನ್ನೆ ಬೆಳಗ್ಗೆ ಬಿಟ್ಟಿತ್ತು. ಹಸಿವೂ ಆಗುತ್ತಿತ್ತು, ತಮಾಷೆಯೂ ಬಾಯಿಗೆ ಬರುತ್ತಿತ್ತು. ಇನ್ನೇನು ಬೇಕು?

ಹಿರಿಯವಳು ಒಂದೇ ಮಾತು ಹೇಳಿದಳು. "ಇನ್ನೂ ಆಗಿಲ್ಲ."

ಆ ಮನೆಯಲ್ಲಿ ಈ ಮಾತು ಹೊಸದಲ್ಲ. ಪ್ರಯೋಗಾಲಯಗಳಿಗೆ ಬೇಕಾದ ಗಾಜಿನ ನಳಿಗೆ, ಬುರುಡೆ, ಸುರುಳಿಗಳನ್ನು ಬೆಂಕಿಯ ಮುಂದೆ ಕೂತು ಬಾಯಲ್ಲಿ ಊದಿ ಮಾಡುವುದು ಅವರ ಕಸುಬು. ಊದುವುದು ಗಂಡಸರ ಪಾಲು. ಆದ ಸಾಮಾನಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವುದು ಕಿರಿಯವಳ ಪಾಲು. ನಡುವೆ ಒಂದು ಕೆಲಸವಿದೆ ನೋಡಿ, ಅದು ಹಿರಿಯವಳದು. ಬೆಂಕಿಯಿಂದ ಬಂದ ಗಾಜನ್ನು ಹಾಗೇ ಹಲಗೆಯ ಮೇಲಿಟ್ಟರೆ ಚೆನ್ನಾಗಿಯೇ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮುಟ್ಟಿದರೆ ತಣ್ಣಗೂ ಇರುತ್ತದೆ. ಎರಡು ದಿನ ಬಿಟ್ಟು, ಯಾರೂ ಮುಟ್ಟದೆಯೇ, ಟಪ್ಪೆಂದು ಬಿರಿಯುತ್ತದೆ! ಅದಕ್ಕೇ ಅಂಗಳದಲ್ಲಿರುವ ತಣಿಸುವ ಗೂಡಿನಲ್ಲಿಟ್ಟು ಕಾವನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಗೂಡಿನ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾ, ಪಕ್ಕದ ಗಡಿಯಾರ ನೋಡುತ್ತಾ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳು ಹಿರಿಯವಳು. ಅವಳು 'ಆಯ್ತು' ಅನ್ನುವ ತನಕ ಆ ಬಾಗಿಲು ಯಾರಿಗೂ ತೆರೆಯದು. ಕಿರಿಯವಳು ಅವಳಿಗೆ 'ಬೀಗದಮ್ಮ' ಎಂದು ಹೆಸರಿಟ್ಟಿದ್ದಳು, ಬೆನ್ನ ಹಿಂದೆ. ಅತ್ತಿಗೆ ನನ್ನನ್ನೂ ಗೂಡಿಗೆ ಹಾಕಿದ್ದಾರೆ ಎಂದು ಗಂಡ ನಕ್ಕರೆ, ಇವಳಿಗೆ ಮೈಯೆಲ್ಲ ಉರಿ.

ಉರಿಯದೆ ಏನು ಮಾಡುತ್ತದೆ ಹೇಳಿ... ಊರಿನ ದೊಡ್ಡ ಸಂಶೋಧನಾಲಯದಲ್ಲಿ ಗಾಜಿನ ಕೆಲಸಗಾರನ ಕಾಯಂ ಜಾಗವೊಂದು ಖಾಲಿ ಇತ್ತು. ಗುರುವಾರ ಬೆಳಗ್ಗೆ ಅಲ್ಲಿ ಪರೀಕ್ಷಕರ ಮುಂದೆ ಕೂತು ಒಂದು ಸುರುಳಿ ಊದಿ ತೋರಿಸಬೇಕು. ಕೆಲಸ ಸಿಕ್ಕರೆ ಜೊತೆಗೆ ಎರಡು ಕೋಣೆಯ ಮನೆ. ತನ್ನದೇ ಅಡುಗೆಮನೆ, ತನ್ನದೇ ಬಾಗಿಲು, ತನ್ನದೇ ಬೀಗ! ಮದುವೆಯಾಗಿ ಆರು ವರ್ಷ ಓರಗಿತ್ತಿಯ ಕೈಕೆಳಗೆ ಬದುಕಿದವಳಿಗೆ ಅದು ಎಂಥ ಆಸೆ ಎಂದು ಅನುಭವಿಸಿದವರಿಗೇ ಗೊತ್ತು. ಇವತ್ತು ಮಂಗಳವಾರ. ವಾರದಿಂದ ಊದುವ ಕೊಳವೆ ಮುಟ್ಟದ ಗಂಡ ಒಂದು ದಿನವಾದರೂ ಕೈ ಪಳಗಿಸಿಕೊಳ್ಳಬೇಡವೇ? ಈ ಹೆಂಗಸು ನೋಡಿದರೆ ಇನ್ನು ಎರಡು ವಾರ ಬೆಂಕಿಯ ಮುಂದೆ ಕೂರಬಾರದು ಅನ್ನುತ್ತಾಳೆ. ಯಾಕೆಂದು ಕೇಳಿದರೆ ಬಾಯಿಗೂ ಬೀಗ. ತನಗಂತೂ ಗಂಡನಿಲ್ಲ, ನಾವು ಬೇರೆ ಹೋಗಿ ಸುಖವಾಗಿರುವುದು ಹೊಟ್ಟೆಗೆ ಬೆಂಕಿ ಇಟ್ಟಿದೆ ಎಂದೇ ಕಿರಿಯವಳು ತೀರ್ಮಾನಿಸಿದಳು.

ಸಾಲದ್ದಕ್ಕೆ ಹಿರಿಯವಳು ದಿನಕ್ಕೆ ನಾಲ್ಕು ಸಲ ಅವರ ಕೋಣೆಯ ಬಾಗಿಲಲ್ಲಿ, ಗೂಡಿನ ಗಡಿಯಾರ ಹಿಡಿದು, ಒಂದು ನಿಮಿಷ ನಿಂತು ಹೋಗುತ್ತಿದ್ದಳು. ಮೈದುನ ಮಲಗಿದ್ದರೂ ಸರಿ, ಕೂತಿದ್ದರೂ ಸರಿ. ಗಂಡ ಹೆಂಡತಿಯ ಕೋಣೆಗೆ ಇಣುಕುವ ಬುದ್ಧಿ ಇದೆಂಥದ್ದು ಎಂದು ಕಿರಿಯವಳು ಒಮ್ಮೆ ಬಾಗಿಲನ್ನು ಮುಖಕ್ಕೆ ಬಡಿದಂತೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು.

ಬುಧವಾರ ಹಿರಿಯವಳು ಸ್ನಾನಕ್ಕೆ ಹೋದಾಗ ಬೀಗದ ಕೈ ಮೊಳೆಯ ಮೇಲಿತ್ತು. ಕಿರಿಯವಳು ಎರಡನೇ ಯೋಚನೆ ಮಾಡಲಿಲ್ಲ. ಗಂಡನನ್ನು ಎಬ್ಬಿಸಿ, ಕೋಣೆ ತೆರೆದು, ಒಳಗಿನಿಂದ ಅಗುಳಿ ಹಾಕಿಕೊಂಡಳು. ಅವನು ಮಧ್ಯಾಹ್ನ ಪೂರ್ತಿ ಊದಿದ. ಮೊದಲ ಎರಡು ಸುರುಳಿ ಸೊಟ್ಟಗಾದವು, ಮೂರನೆಯದು ಕಣ್ಣಿಗೊತ್ತಿಕೊಳ್ಳುವ ಹಾಗೆ ಬಂತು. ಹೊರಗಿನಿಂದ ಹಿರಿಯವಳು ಬಾಗಿಲು ಬಡಿಯುತ್ತಲೇ ಇದ್ದಳು. ಆಮೇಲೆ ಆ ಸದ್ದೂ ನಿಂತಿತು.

ಗುರುವಾರ ಬೆಳಗ್ಗೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಕೆಂಡ, ಎದೆಯಲ್ಲಿ ಚುಚ್ಚು, ಕೆಮ್ಮಿದರೆ ತುಕ್ಕಿನ ಬಣ್ಣದ ಕಫ. ಪರೀಕ್ಷೆಯ ಗಾಬರಿಗೆ ಹೀಗಾಗಿದೆ, ಒಂದು ಗಂಟೆಯ ಕೆಲಸ ತಾನೇ, ಮಾತ್ರೆ ನುಂಗಿ ಹೋಗಿ ಬರಲಿ ಎಂದು ಕಿರಿಯವಳು ಅವನಿಗೆ ಅಂಗಿ ತೊಡಿಸಿದಳು. ಬೈಯಬೇಡಿ, ಆಸೆ ಮನುಷ್ಯರ ಕಣ್ಣು ಕಟ್ಟುತ್ತದೆ. ಬೀದಿ ಬಾಗಿಲಿಗೆ ಬಂದರೆ ಹಿರಿಯವಳು ಅಡ್ಡ ನಿಂತಿದ್ದಾಳೆ. ಆಗಲೇ ಬೀದಿಯಲ್ಲಿ ಒಂದು ಗಾಡಿಯನ್ನೂ ತಂದು ನಿಲ್ಲಿಸಿದ್ದಾಳೆ.

"ಇವನು ಆಸ್ಪತ್ರೆಗೆ ಹೋಗ್ತಾನೆ. ಪರೀಕ್ಷೆಗಲ್ಲ."

"ನಮ್ಮ ಅನ್ನ ಕಿತ್ತುಕೊಂಡಿರಲ್ಲ... ಈಗ ನಿಮ್ಮ ಹೊಟ್ಟೆ ತಣ್ಣಗಾಯ್ತಾ?"

ಹಿರಿಯವಳ ಮುಖ ಬಿಳಿಚಿಕೊಂಡಿತು. ಆದರೂ ದನಿ ಏರಲಿಲ್ಲ. "ನಿಮಿಷಕ್ಕೆ ಮೂವತ್ತೆರಡು ಉಸಿರು ಎಳೀತಿದಾನೆ. ನಿನ್ನೆ ಬೆಳಗ್ಗೆ ಹದಿನೆಂಟಿತ್ತು. ಆಮೇಲೆ ಎಷ್ಟು ಬೇಕಾದರೂ ಬೈಯುವಿಯಂತೆ. ಈಗ ಆ ಕಡೆ ತೋಳು ಹಿಡಕೋ."

ಹದಿನೆಂಟು... ಗೂಡಿನ ಬಾಗಿಲ ಮೇಲೆ ಹೊಸದಾಗಿ ಬರೆದಿದ್ದ ಅಂಕಿಗಳು ಕಿರಿಯವಳ ಕಣ್ಣ ಮುಂದೆ ಬಂದವು. ಹದಿನೆಂಟು, ಹದಿನೆಂಟು, ಹತ್ತೊಂಬತ್ತು. ಗೂಡಿನ ಲೆಕ್ಕವೆಂದು ತಾನು ತಿಳಿದದ್ದು ಗಂಡನ ಉಸಿರಿನ ಲೆಕ್ಕ! ಅವಳು ಗಂಡನ ಇನ್ನೊಂದು ತೋಳು ಹಿಡಿದಳು.

ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇ ತೆಗೆದು ನೋಡಿದರೆ ಬಲ ಶ್ವಾಸಕೋಶದ ಕೆಳಭಾಗಕ್ಕೆ ನ್ಯುಮೋನಿಯಾ. ಆಮ್ಲಜನಕ ಕೊಟ್ಟರು, ರಕ್ತನಾಳಕ್ಕೆ ಔಷಧಿ ಹಾಕಿದರು. ಜ್ವರ ಬಿಟ್ಟಿತ್ತಲ್ಲ ಡಾಕ್ಟ್ರೇ, ಮತ್ತೆ ಯಾಕೆ ಬಂತು ಎಂದು ಕಿರಿಯವಳು ಅತ್ತಳು. ವೈದ್ಯೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾಳ್ಮೆಯಿಂದ ಹೇಳಿದರು. ಇದು ಹಳೇ ಜ್ವರವಲ್ಲ. ವೈರಸ್ಸನ್ನು ಮೈ ಗೆದ್ದಿದೆ, ಮುಂದೆ ಅದೇ ಬಂದರೆ ಗುರುತು ಹಿಡಿಯುವುದನ್ನೂ ಕಲಿತಿದೆ. ಆದರೆ ಆ ಹೋರಾಟದಲ್ಲಿ, ಶ್ವಾಸಕೋಶದೊಳಗೆ ಕ್ರಿಮಿಗಳನ್ನು ನುಂಗಿ ಹಾಕುವ ಕಾವಲಿನ ಕಣಗಳು ಎಷ್ಟೋ ಸತ್ತಿರುತ್ತವೆ, ಹೊಸವು ಇನ್ನೂ ತಯಾರಾಗುತ್ತಿರುತ್ತವೆ. ವೈರಸ್ಸಿನ ಮೇಲೆ ಬೀಳಿ ಎಂದು ಮೈ ಕೊಟ್ಟ ಅದೇ ಆಜ್ಞೆ, ಬೇರೆ ಕ್ರಿಮಿಗಳ ಮೇಲೆ ಬೀಳಬೇಕಾದ ಕಣಗಳ ಕೈ ಕಟ್ಟುತ್ತದೆ. ಗಂಟಲಲ್ಲಿ ಸುಮ್ಮನೆ ಬಿದ್ದಿದ್ದ ಬ್ಯಾಕ್ಟೀರಿಯಾ ಆ ಒಂದೆರಡು ವಾರದಲ್ಲೇ ಸಮಯ ನೋಡಿ ಕೆಳಗಿಳಿಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ವಿಶ್ರಾಂತಿ ತೆಗೆದುಕೊಂಡವರಿಗೂ ಆಗಬಹುದು. ಆದಾಗ ಬೇಗ ಗೊತ್ತಾಗಬೇಕು, ಅಷ್ಟೇ.

"ಉಸಿರು ಎಣಿಸಿದವರು ಯಾರು?" ಎಂದು ಕೇಳಿದರು ವೈದ್ಯೆ. "ಸಂಜೆಯವರೆಗೆ ತಡ ಮಾಡಿದ್ದರೆ ನಾನು ಹೀಗೆ ಕೂತು ಮಾತಾಡ್ತಾ ಇರ್ತಿರಲಿಲ್ಲ."

ಕಿರಿಯವಳು ತಿರುಗಿ ನೋಡಿದಳು. ಹಿರಿಯವಳು ಕಿಟಕಿಯ ಹತ್ತಿರ, ಮಡಿಲಲ್ಲಿ ಆ ಗಡಿಯಾರ ಇಟ್ಟುಕೊಂಡು ಕೂತಿದ್ದಳು. ವೈದ್ಯೆ ಆಚೆ ಹೋದ ಮೇಲೆ ತಾನಾಗಿಯೇ ಬಾಯಿ ಬಿಟ್ಟಳು.

"ನಿನ್ನ ಭಾವನೋರು ಜ್ವರ ಬಂದು ಹೋದರು ಅಂತ ಎಲ್ಲರೂ ಅಂದ್ಕೊಂಡಿದಾರೆ. ಅವರಿಗೂ ಜ್ವರ ಬಿಟ್ಟಿತ್ತು ಕಣೇ... ನಾನೇ ಎಬ್ಬಿಸಿದೆ. ಜ್ವರ ಬಿಟ್ಟಿದೆಯಲ್ಲ, ಏಳಿ, ಪೆಟ್ಟಿಗೆ ತುಂಬೋಕೆ ಸಾಮಾನಿಲ್ಲ ಅಂತ ಗದರಿಸಿ ಕೊಳವೆ ಕೈಗೆ ಕೊಟ್ಟೆ. ಮೂರನೇ ದಿನ ಚಳಿ ಚಳಿ ಅಂದರು. ಸುಸ್ತು ಅಂದ್ಕೊಂಡು ಕಂಬಳಿ ಹೊದಿಸಿದೆ. ಕಣ್ಣೆದುರಿಗೇ ದಡದಡ ಉಸಿರು ಬಿಡ್ತಾ ಇದ್ದರು, ಎಣಿಸಬೇಕು ಅಂತ ನನಗೆ ಗೊತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬ ನರ್ಸಮ್ಮ ಹೇಳಿಕೊಟ್ಟಳು. ಗಾಜನ್ನ ಅಷ್ಟು ಜೋಪಾನವಾಗಿ ತಣಿಸೋಳು ಗಂಡನ್ನ..."

ಎಂಟು ವರ್ಷ ಈ ಮಾತನ್ನು ಒಬ್ಬಳೇ ನುಂಗಿಕೊಂಡಿದ್ದಳು ಆ ಹೆಂಗಸು. ಮನೆಯವರು ಎಲ್ಲಿ ತನ್ನನ್ನು ದೂರುತ್ತಾರೋ ಎಂದಲ್ಲ. ದೂರದೆ ಸಮಾಧಾನ ಹೇಳಿಬಿಟ್ಟರೆ ತಡೆದುಕೊಳ್ಳಲಾರೆ ಎಂದು! ಕಿರಿಯವಳು ಎದ್ದು ಹೋಗಿ ಅವಳ ಎರಡೂ ಕೈ ಹಿಡಿದು, ಆ ಕೈಗಳಲ್ಲೇ ಮುಖ ಹುದುಗಿಸಿದಳು. ಬೆಳಗ್ಗೆ ತಾನಾಡಿದ ಮಾತನ್ನೇ ಈಗ ತಿರುಗಿಸಿ ಹೇಳಿದಳು.

"ನನ್ನ ಮನೆ ಉಳಿಸಿಕೊಟ್ಟಿರಿ ಅಕ್ಕಾ. ನಿಮ್ಮ ಹೊಟ್ಟೆ ತಣ್ಣಗಿರಲಿ..."

ಇಬ್ಬರೂ ಅತ್ತರು, ಎದುರು ಬೆಂಚಿನವರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತರು.

ಆ ಜಾಗ ಬೇರೆ ಯಾರಿಗೋ ಆಯಿತು. ಕಾಗದ ಬಂದ ದಿನ ಕಿರಿಯವಳಿಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಎರಡು ಕೋಣೆಗಳಿಗೆ ಪರದೆಯ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿಟ್ಟಿದ್ದವಳು ಅವಳು. ಪಕ್ಕದಲ್ಲಿ ಗಂಡ ಗಂಜಿ ಸಪ್ಪೆ ಎಂದು ಗೊಣಗುತ್ತಿದ್ದ. ಆ ಗೊಣಗಾಟ ಕೇಳುವ ಭಾಗ್ಯ ಉಳಿದಿದೆಯಲ್ಲ ಎಂದು ಕಾಗದ ಮಡಿಚಿ ಒಲೆಯ ಹಿಂದಕ್ಕೆ ಸಿಕ್ಕಿಸಿದಳು.

ಆಸ್ಪತ್ರೆಯಿಂದ ಬಂದು ಹದಿನೈದನೆಯ ದಿನ ಹಿರಿಯವಳು ಸೊಂಟದ ಬೀಗದ ಕೈ ಬಿಚ್ಚಿ ಓರಗಿತ್ತಿಯ ಅಂಗೈಯಲ್ಲಿಟ್ಟಳು. ಇನ್ನು ಮೇಲೆ ಆಯ್ತೋ ಇಲ್ಲವೋ ನೀನೇ ನೋಡಿ ಹೇಳು ಅಂದಳು. ಕಿರಿಯವಳು ಗಡಿಯಾರ ತಂದು ಗಂಡನ ಎದುರು ಕೂತು ಎಣಿಸಿದಳು. ಹದಿನಾರು. ಗೂಡಿನ ಬಾಗಿಲ ಮೇಲೆ ಗುಂಡಗೆ ಬರೆದಳು. ಅವನು ಆಗಲೇ ಎದ್ದು ನಿಂತು, ಹಾಗಾದರೆ ಕೋಣೆಯ ಬಾಗಿಲು ತೆಗಿ ಮಹಾರಾಯ್ತಿ ಎಂದು ಕೈ ಉಜ್ಜಿಕೊಂಡ. ಅವಳು ಅವನನ್ನು ಅಂಗಳದ ನಾಲ್ಕು ಮೆಟ್ಟಿಲು ಹತ್ತಿಸಿ ಇಳಿಸಿದಳು. ನಾಲ್ಕನೆಯದರಲ್ಲಿ ಅವನು ಕಂಬ ಹಿಡಿದು, ಉಸಿರು ಸುಧಾರಿಸಿಕೊಳ್ಳುತ್ತಾ ಒಂದು ಗಳಿಗೆ ನಿಂತ.

ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು.

"ಇನ್ನೂ ಆಗಿಲ್ಲ," ಅಂದಳು.

ಗಂಡ ಹಣೆ ಚಚ್ಚಿಕೊಂಡು, ಒಬ್ಬ ಬೀಗದಮ್ಮನಿಗೇ ಸಾಕಾಗಿತ್ತು, ಈಗ ಇಬ್ಬರು ಅಂದುಬಿಟ್ಟ. ಕಿರಿಯವಳು ನಾಲಿಗೆ ಕಚ್ಚಿಕೊಂಡಳು. ತನಗೆ ಹೀಗೊಂದು ಹೆಸರಿದೆ ಎಂದು ಹಿರಿಯವಳಿಗೆ ಗೊತ್ತಾದದ್ದೇ ಆಗ. ಅವಳು ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು. ಆಮೇಲೆ ಗೂಡಿಗೆ ಒರಗಿ ಕೂತು, ಹೊಟ್ಟೆ ಹಿಡಿದುಕೊಂಡು, ಎಂಟು ವರ್ಷದಲ್ಲಿ ಮೊದಲ ಸಲ ನಕ್ಕಳು.